ವೊಂಬ್ಯಾಟ್ ಹಿಕ್ಕೆಯಿಂದ ದಾರಿಗೆ ಬಂದ ಅಂಕಣ: ನನ್ನ ಅನುಭವ

ಕಳೆದ ತಿಂಗಳಿಗೆ ನನ್ನ ವಿಚಿತ್ರ ಸುದ್ದಿ ಅಂಕಣ 150 ವಾರ ದಾಟ್ತು, ಲೆಕ್ಕ ಒಂದೆರಡು ಹೆಚ್ಚುಕಮ್ಮಿ ಇರಬಹುದು. ಶುರು ಮಾಡಿದಾಗ "ಮೂರು ವಾರ ನಡೆದ್ರೆ ಹೆಚ್ಚು" ಅಂದಿದ್ದವರಲ್ಲೇ ಇಬ್ರು ಈಗ ಫೋನ್ ಮಾಡಿ ಹೇಗ್ರೀ ಮಾಡ್ತೀರಾ ಅಂತ ಕೇಳಿದ್ರು, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಬರೆದಿಟ್ಟುಬಿಡೋಣ ಅಂತ ಕೂತಿದೀನಿ. ಪ್ರಾಣಿ, ವಿಜ್ಞಾನ, ಸಿನಿಮಾ, ಸಂಗೀತ ಅಂತ ಚಿತ್ರವಿಚಿತ್ರ ಸುದ್ದಿ ತಗೊಂಡು ಸ್ವಲ್ಪ ಕಚಗುಳಿ ಇಟ್ಟು ಬರೆಯೋ ಕೆಲಸ ಮಾಡ್ತಿರೋರಿಗೆ ಇದು. ಅಲರ್ಟ್ ಹೇಗೆ ಹಾಕ್ಕೋಬೇಕು, 400 ಪದಕ್ಕೆ ಹೇಗೆ ಕೂರಿಸ್ಬೇಕು ಇವೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟಿದೀನಿ.

ಮೊದಲನೇ ವರ್ಷ ಎಲ್ಲರೂ ಮಾಡೋದನ್ನೇ ನಾನೂ ಮಾಡ್ದೆ. ಏಜೆನ್ಸಿ ಸುದ್ದಿ ಬಂದ ತಕ್ಷಣ ಎತ್ಕೊಳ್ಳೋದು, ಹೆಡ್ಡಿಂಗ್ ತಿರುವಿ ಹಾಕೋದು, ಮಧ್ಯ ಎರಡು ಜೋಕು, ಕೊನೆಗೆ ಒಂದು ಪಂಚ್. ಒಂದಕ್ಕೆ ಮುಕ್ಕಾಲು ಗಂಟೆ. ಹಾಗೆ ಸುಮಾರು 60 ಬರೆದಿರಬೇಕು, ದುಡ್ಡು ಬಂದಿದ್ದು 12ಕ್ಕೋ 13ಕ್ಕೋ. ಆ ವರ್ಷ ಇದರಿಂದ ಬಂದ ಒಟ್ಟು ದುಡ್ಡು ಇಂಟರ್ನೆಟ್ ಬಿಲ್ಲಿಗೂ ಸಾಲಲಿಲ್ಲ, ಮನೆ ನಡೆದಿದ್ದು ಬೇರೆಯವರ ಪುಸ್ತಕದ ಕರಡು ತಿದ್ದಿ. ಆಗಿನ ಜೋಕುಗಳನ್ನ ಈಗ ತೆಗೆದು ನೋಡಿದ್ರೆ ಎಲ್ಲ ಒಂದೇ ಅಚ್ಚು. ಬೆಕ್ಕು ಬಂದ್ರೆ ಬೆಕ್ಕಿಗೆ ಸೊಕ್ಕು, ಕೋತಿ ಬಂದ್ರೆ ನಮ್ಮ ಪೂರ್ವಜರು, ವಿಜ್ಞಾನಿ ಬಂದ್ರೆ "ಇವರಿಗೆ ಬೇರೆ ಕೆಲಸ ಇಲ್ವಾ". ಓದೋರು ಅದೇ ಸುದ್ದಿನ ಎರಡು ದಿನ ಮುಂಚೆ ಮೊಬೈಲಲ್ಲಿ ನೋಡಿರ್ತಿದ್ರು, ಅದೇ ಜೋಕನ್ನ ತಾವೇ ಮಾಡ್ಕೊಂಡೂ ಆಗಿರ್ತಿತ್ತು.

ಆಮೇಲೆ 2020ರ ಮಾರ್ಚ್ ಬಂತು. ಲಾಕ್‌ಡೌನ್ ಆಯ್ತು, ವೆನಿಸ್ ಕಾಲುವೆಗೆ ಡಾಲ್ಫಿನ್‌ಗಳು ಬಂದಿವೆ ಅಂತ ವಿಡಿಯೋ ಓಡಾಡ್ತು, ನಾನೂ ನಂಬಿ ಅರ್ಧ ಗಂಟೇಲಿ ಬರೆದು ಕಳಿಸ್ದೆ, ಅಚ್ಚಾಗೇ ಹೋಯ್ತು. ಆ ಡಾಲ್ಫಿನ್‌ಗಳಿದ್ದಿದ್ದು ನೂರಾರು ಕಿಲೋಮೀಟರ್ ಆಚೆ, ಸಾರ್ಡಿನಿಯಾ ದ್ವೀಪದ ಬಂದರಲ್ಲಿ. ಕಾಲುವೆಯ ಹಂಸಗಳದ್ದೂ ಅದೇ ಕಥೆ, ಬುರಾನೋ ದ್ವೀಪದ ಹತ್ರ ಅವು ಮೊದಲಿಂದಲೂ ಇದ್ದವೇ. ಅದೇ ಬರಹದಲ್ಲಿ ಚೀನಾದ ಯುನ್ನಾನಲ್ಲಿ ಆನೆಗಳು ಮದ್ಯ ಕುಡಿದು ಟೀ ತೋಟದಲ್ಲಿ ಮಲಗಿದ್ದನ್ನೂ ಸೇರಿಸಿದ್ದೆ, ಅದೂ ಸುಳ್ಳು. ಸಂಪಾದಕರು ಪುಟದ ಮೂಲೇಲಿ ಸಣ್ಣ ತಿದ್ದುಪಡಿ ಹಾಕಿದ್ರು, ಆಮೇಲೆ ಐದಾರು ತಿಂಗಳು ನನಗೆ ಕೆಲಸ ಕೊಡಲಿಲ್ಲ. ತಪ್ಪು ಪೂರ್ತಿ ನಂದೇ, ಆದ್ರೆ ಆ ಐದಾರು ತಿಂಗಳು ಚೆನ್ನಾಗಿ ನೆನಪಿದೆ.

ಕೈಲಿ ಕೆಲಸ ಇಲ್ಲದ ಆ ದಿನಗಳಲ್ಲಿ ನನ್ನ ಹಳೇ ಬರಹ ಒಂದನ್ನ ತೆಗೆದೆ, ಆಸ್ಟ್ರೇಲಿಯಾದ ವೊಂಬ್ಯಾಟ್ ಪ್ರಾಣಿ ಚೌಕಾಕಾರದ ಹಿಕ್ಕೆ ಹಾಕುತ್ತೆ ಅನ್ನೋದು, ಆ ಸಂಶೋಧನೆಗೆ 2019ರಲ್ಲಿ ಇಗ್ ನೊಬೆಲ್ ಬಂದಿತ್ತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ ಅದು. ಆ ಬರಹದಲ್ಲಿ ನಾನು ಬರೆದಿದ್ದ ಜೋಕ್ ಯಾವ ಮಗುವಾದರೂ ಮಾಡಬಹುದಾದದ್ದು. ಈ ಸಲ ಸುದ್ದಿ ಬಿಟ್ಟು ಸಂಶೋಧಕರು ಏನು ಮಾಡಿದ್ರು ಅನ್ನೋದನ್ನ ಮಾತ್ರ ಹುಡುಕಿ ಓದಿದೆ. ಟಾಸ್ಮೇನಿಯಾದಲ್ಲಿ ಗಾಡಿಗೆ ಸಿಕ್ಕಿ ಸತ್ತಿದ್ದ ವೊಂಬ್ಯಾಟ್‌ಗಳ ಕರುಳನ್ನ ಅಮೆರಿಕದ ಅಟ್ಲಾಂಟಾಕ್ಕೆ ತರಿಸ್ಕೊಂಡು, ಪ್ಯಾಟ್ರೀಷಿಯಾ ಯಾಂಗ್, ಡೇವಿಡ್ ಹೂ ಮತ್ತವರ ತಂಡ ಅದರೊಳಗೆ ಉದ್ದನೆ ಬಲೂನು ತೂರಿಸಿ ಗಾಳಿ ಊದಿದ್ರು. ಬಲೂನು ತಿರುಚಿ ನಾಯಿ ಮಾಡಿ ಮಕ್ಕಳಿಗೆ ಕೊಡ್ತಾರಲ್ಲ, ಆ ಥರದ್ದು. ಕರುಳಿನ ಗೋಡೆ ಸುತ್ತಲೂ ಒಂದೇ ಸಮ ಹಿಗ್ಗಲ್ಲ, ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ, ಅದಕ್ಕೇ ಮೂಲೆ ಮೂಡೋದು, ಮೂಡೋದೂ ಕರುಳಿನ ಒಳಗೇ. ಇದನ್ನ ಅಕ್ಕನಿಗೆ ಫೋನಲ್ಲಿ ಓದಿ ಹೇಳ್ದೆ. ಬಲೂನು ಅಂದ ಜಾಗದಲ್ಲಿ ಅವಳು ನಕ್ಕಿದ್ದು ನಕ್ಕಿದ್ದೇ, ಆಮೇಲೆ "ಅಲ್ವೋ, ಇನ್ನೇನು ಮಾಡಕ್ಕಾಗುತ್ತೆ, ಬಲೂನೇ ಸರಿ ಅಲ್ವಾ" ಅಂದ್ಲು. ನಾನು ಒಂದೂ ಜೋಕ್ ಹೇಳಿರಲಿಲ್ಲ. ನನ್ನ ವಿಧಾನ ಪೂರ್ತಿ ಇಷ್ಟೇ: ನಗು ಸಂಶೋಧನಾ ಪೇಪರಿನ ಮೆಥಡ್ಸ್, ಅಂದ್ರೆ ಪ್ರಯೋಗದ ವಿಧಾನ ಹೇಳೋ ಭಾಗದಲ್ಲಿ ಇರುತ್ತೆ, ಅವರು ಹೇಗೆ ಮಾಡಿದ್ರು ಅನ್ನೋದನ್ನ ಸರಿಯಾಗಿ ಹೇಳಿದ್ರೆ ಅದು ತಾನಾಗೇ ಬರುತ್ತೆ.

ಹೇಳೋಕೆ ಸುಲಭ, ದುಡ್ಡಿನ ಲೆಕ್ಕದಲ್ಲಿ ಇದು ಹುಚ್ಚು. ಮುಕ್ಕಾಲು ಗಂಟೇಲಿ ಮುಗೀತಿದ್ದ ಕೆಲಸಕ್ಕೆ ಈಗ ಆರೇಳು ಗಂಟೆ, ಸಂಭಾವನೆ ಅಷ್ಟೇ. ಪೇಪರನ್ನ ಬಿಡಿಯಾಗಿ ಕೊಳ್ಳೋಕೆ ಹೋದ್ರೆ ಎರಡು ಅಂಕಣದ ದುಡ್ಡು ಒಂದು ಪಿಡಿಎಫ್‌ಗೆ ಹೋಗುತ್ತೆ. ಶುರುವಲ್ಲಿ ನಾಲ್ಕೈದು ಕೊಂಡೆ ಕೂಡ, ಅದರಲ್ಲಿ ಎರಡು ಬರೆಯೋಕೆ ಲಾಯಕ್ಕೇ ಇರಲಿಲ್ಲ, ಆ ಸಿಟ್ಟು ಇನ್ನೂ ಇದೆ. ಆಮೇಲೆ ಬರೆದವರಿಗೇ ಮೇಲ್ ಹಾಕೋದು ಕಲ್ತೆ. ಪಿಡಿಎಫ್ ಕಳಿಸ್ತೀರಾ ಅಂತ ಮೂರು ಸಾಲು, ಜೊತೆಗೆ ಅವರ ಪ್ರಯೋಗದ ಬಗ್ಗೆ ಒಂದೇ ಒಂದು ನಿರ್ದಿಷ್ಟ ಪ್ರಶ್ನೆ. ಹತ್ತರಲ್ಲಿ ಏಳು ಜನ ಉತ್ತರ ಕೊಡ್ತಾರೆ, ಅದ್ರಲ್ಲೂ ಯಾರೂ ಗಮನಿಸದ ಪ್ರಾಣಿ ಮೇಲೆ ಕೆಲಸ ಮಾಡೋರಂತೂ ಅದೇ ದಿನ. ಆ ಪ್ರಶ್ನೆ ಹೇಗಿರಬೇಕು ಅನ್ನೋದು ಮಾತ್ರ ನನ್ನ ಹತ್ರನೇ ಇರಲಿ, ಅದನ್ನ ಕಂಡುಹಿಡಿಯೋಕೆ ಎರಡು ವರ್ಷ ಹಿಡಿದಿದೆ.

ಹೊಸ ರೀತೀಲಿ ಬರೆದ ಮೊದಲ ಏಳೆಂಟು ವಾಪಸ್ ಬಂದವು. ಒಬ್ಬ ಸಂಪಾದಕರು "ರೀ, ಜನ ನಗೋಕೆ ಓದ್ತಾರೆ, ನೀವು ಪಾಠ ಮಾಡ್ತೀರಲ್ಲ" ಅಂದ್ರು, ಇನ್ನೊಬ್ಬರು "ಸುದ್ದಿ ಹತ್ತು ದಿನ ಹಳೇದು" ಅಂತ ಮುಟ್ಟಲೇ ಇಲ್ಲ. ಪಾಠ ಅಂದವರ ಮಾತಲ್ಲಿ ಹುರುಳಿತ್ತು, ಓದಿದ್ದೆಲ್ಲ ತುಂಬಿಬಿಡ್ತಿದ್ದೆ ನಾನು. ಈಗ ಓದಿದ್ದರಲ್ಲಿ ಹತ್ತನೇ ಒಂದು ಭಾಗ ಬರೀತೀನಿ. ಹಳೇದು ಅಂದವರ ಮಾತು ತಪ್ಪು, ಅದನ್ನ ಚಿನ್ನದ ಮೀನು ತೋರಿಸ್ತು. 2022ರ ಜನವರೀಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ಗೋಲ್ಡ್‌ಫಿಶ್‌ಗೆ ಗಾಡಿ ಓಡಿಸೋದು ಕಲಿಸಿದ್ದು ಎಲ್ಲೆಲ್ಲೂ ಬಂತು, ಎಲ್ಲರೂ ಮೀನಿಗೆ ಲೈಸೆನ್ಸ್ ಕೊಡಿ ಅಂತ ಬರೆದ್ರು. ನಾನು ಮೂರು ವಾರ ಬಿಟ್ಟು ಬರೆದೆ. ಚಕ್ರದ ಮೇಲೆ ನೀರಿನ ತೊಟ್ಟಿ, ಮೇಲಿಂದ ಕ್ಯಾಮೆರಾ, ಮೀನು ತೊಟ್ಟಿಯ ಗೋಡೆ ಹತ್ರ ಹೋಗಿ ಹೊರಗೆ ಮುಖ ಮಾಡಿದ್ರೆ ಗಾಡಿ ಆ ಕಡೆ ಹೋಗುತ್ತೆ, ಬಣ್ಣದ ಗುರಿ ಮುಟ್ಟಿದ್ರೆ ತಿನ್ನೋಕೆ ಒಂದು ಕಾಳು, ಒಟ್ಟು ಆರು ಮೀನು. ನೀರಿಲ್ಲದ ಕೋಣೇಲೂ ಮೀನಿಗೆ ದಿಕ್ಕು ತಿಳಿಯುತ್ತಾ ಅಂತ ನೋಡೋಕೆ ಇದಕ್ಕಿಂತ ಚೆಂದದ ಉಪಾಯ ಇದೆಯಾ ಅಂತ ಕೇಳ್ದೆ, ಅಷ್ಟೇ. ಲೈಸೆನ್ಸ್ ಜೋಕ್ ಹಾಕಲೇ ಇಲ್ಲ. ಓದಿದವರು ಬರೆದ ಪತ್ರಗಳು 40ರ ಹತ್ರ ಬಂದವು, ಹಿಂದಿನ ಇಡೀ ವರ್ಷ ಬಂದಿದ್ದು ಆರೋ ಏಳೋ. ಅದಾದ ಮೇಲೆ ಅಂಕಣ ವಾರವಾರಕ್ಕೆ ಖಾಯಂ ಆಯ್ತು.

ಪ್ರೆಸ್ ರಿಲೀಸ್ ನಂಬಬೇಡಿ ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅನ್ನೋದಕ್ಕೆ ನಾನು ಗೋಡೆ ಮೇಲೆ ಅಂಟಿಸ್ಕೊಂಡಿರೋ ಅಂಕಿ ಇದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಆರೋಗ್ಯ ಸಂಬಂಧಿ ರಿಲೀಸ್‌ಗಳನ್ನ ಮೂಲ ಪೇಪರ್ ಜೊತೆ ಇಟ್ಟು ನೋಡಿತ್ತು. ಪೇಪರಲ್ಲಿ ಇಲ್ಲದಷ್ಟು ಉಬ್ಬಿಸಿದ ಸಲಹೆ ಇದ್ದಿದ್ದು 40% ರಿಲೀಸ್‌ಗಳಲ್ಲಿ, ಪ್ರಾಣಿ ಮೇಲಿನ ಪ್ರಯೋಗವನ್ನ ಮನುಷ್ಯರಿಗೆ ಎಳೆದು ಅಂಟಿಸಿದ್ದು 36%. ಅಂದ್ರೆ ಉತ್ಪ್ರೇಕ್ಷೆ ಎಷ್ಟೋ ಸಲ ಪತ್ರಕರ್ತನ ಕೈಗೆ ಬರೋ ಮುಂಚೆನೇ ಆಗಿರುತ್ತೆ. ಹಾಗಾಗಿ ನನ್ನ ಹತ್ರ ಒಂದು ಕಟ್ಟುನಿಟ್ಟಿದೆ, ಇಲಿ ಮೇಲೆ ಮಾಡಿದ ಪ್ರಯೋಗ ಆದ್ರೆ ಇಲಿ ಅನ್ನೋ ಪದ ಮೊದಲನೇ ಸಾಲಲ್ಲೇ ಬರಬೇಕು. ಹೆಡ್ಡಿಂಗ್ ಕೊಡೋರು ಅದನ್ನ ತೆಗೆದಾಗೆಲ್ಲ ಜಗಳ ಆಡಿದೀನಿ, ಒಂದ್ಸಲ ಅಂಕಣನೇ ವಾಪಸ್ ತಗೊಂಡು ಆ ವಾರದ ದುಡ್ಡು ಕಳ್ಕೊಂಡೆ.

ಪಾಪ್ ಕಲ್ಚರ್ ಸುದ್ದಿಗೆ ಈ ವಿಧಾನ ಹೊಂದಲ್ಲ ಅಂತ ನಾನೇ ತುಂಬಾ ದಿನ ಅಂದ್ಕೊಂಡಿದ್ದೆ. 2023ರ ಜುಲೈನಲ್ಲಿ ಸಿಯಾಟಲ್‌ನಲ್ಲಿ ಟೇಲರ್ ಸ್ವಿಫ್ಟ್ ಎರಡು ರಾತ್ರಿ ಹಾಡಿದಾಗ ಸ್ಟೇಡಿಯಂ ಪಕ್ಕದ ಭೂಕಂಪ ಮಾಪಕದಲ್ಲಿ ಅಲುಗಾಟ ದಾಖಲಾಯ್ತು, 2.3 ತೀವ್ರತೆಯ ಭೂಕಂಪಕ್ಕೆ ಸಮ ಅಂತ ಸುದ್ದಿ. ಹೆಡ್ಡಿಂಗ್ ಅಲ್ಲಿಗೇ ನಿಂತಿತ್ತು. ಭೂಕಂಪ ಶಾಸ್ತ್ರಜ್ಞೆ ಜಾಕಿ ಕ್ಯಾಪ್ಲನ್ ಔರ್‌ಬಾಕ್ ಮಾಡಿದ್ದೇನು ನೋಡಿ, ಎರಡೂ ರಾತ್ರಿಯ ಗೆರೆಗಳನ್ನ ಒಂದರ ಮೇಲೊಂದು ಇಟ್ರು, ಸುಮಾರು 26 ನಿಮಿಷ ಸರಿಸಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ, ವಿಚಾರಿಸಿದ್ರೆ ಒಂದು ದಿನದ ಕಾರ್ಯಕ್ರಮ ಅರ್ಧ ಗಂಟೆ ತಡವಾಗಿ ಶುರುವಾಗಿತ್ತಂತೆ! ಭೂಮಿಯ ಅಲುಗಾಟ ನೋಡಿ ಹಾಡುಗಳ ಪಟ್ಟಿ ಒಂದೇ ಅಂತ ಹೇಳಬಹುದು ಅನ್ನೋದು 2.3 ಅನ್ನೋ ಅಂಕಿಗಿಂತ ನೂರು ಪಟ್ಟು ರುಚಿ. ಅದು ಬರೆದ ವಾರ ನನಗೆ ಸಿಕ್ಕಿದ್ದು ಒಂದೂವರೆ ಪಟ್ಟು ಸಂಭಾವನೆ, ಕೇಳಿ ಪಡೆದಿದ್ದು.

ಯಾರನ್ನ ನೋಡಿ ನಗಬೇಕು ಅನ್ನೋದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಪ್ರಾಣಿನ ನೋಡಿ ಅಲ್ಲ, ಸಂಶೋಧಕರನ್ನ ನೋಡಿಯೂ ಅಲ್ಲ. ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರ್ ಒಳಗಿಟ್ಟು ಮನುಷ್ಯರ ಫೋಟೋ ತೋರಿಸಿ ಇವರಿಗೆ ಏನನ್ನಿಸ್ತಿದೆ ಹೇಳು ಅಂತ ಕೇಳಿದ್ರು, ಮಿದುಳಲ್ಲಿ ಚಟುವಟಿಕೆ ಕಂಡಿತು, 2012ರಲ್ಲಿ ಇಗ್ ನೊಬೆಲ್ ಬಂತು. ಇದನ್ನ ಹುಚ್ಚರ ಸಂತೆ ಅಂತ ಬರೆದವರನ್ನ ನೋಡಿದೀನಿ. ಆದ್ರೆ ಮಿದುಳಿನ ಸಾವಿರಾರು ಕಡೆ ಒಟ್ಟಿಗೆ ಅಳೆದಾಗ ಕೆಲವು ಕಡೆ ಬರೀ ಆಕಸ್ಮಿಕವಾಗಿ ಚಟುವಟಿಕೆ ಇದ್ದ ಹಾಗೆ ಕಾಣುತ್ತೆ, ಅದಕ್ಕೆ ತಕ್ಕಂತೆ ಅಂಕಿಗಳನ್ನ ಸರಿಪಡಿಸದಿದ್ರೆ ಸತ್ತ ಮೀನೂ ಯೋಚಿಸ್ತಿದೆ ಅಂತ ಕಾಣುತ್ತೆ, ತಮ್ಮ ಕ್ಷೇತ್ರದ ಸೋಮಾರಿತನವನ್ನೇ ಅವರು ಹಿಡಿದು ತೋರಿಸಿದ್ದು. ಭೌತಶಾಸ್ತ್ರಜ್ಞ ಆಂಡ್ರೆ ಗೈಮ್ ಅಯಸ್ಕಾಂತದಿಂದ ಕಪ್ಪೆ ತೇಲಿಸಿದ್ದಕ್ಕೆ 2000ದಲ್ಲಿ ಮೈಕೆಲ್ ಬೆರಿ ಜೊತೆ ಇಗ್ ನೊಬೆಲ್ ತಗೊಂಡ್ರು, 2010ರಲ್ಲಿ ಗ್ರಾಫೀನ್‌ಗೆ, ಅಂದ್ರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗೆ, ಅಸಲಿ ನೊಬೆಲ್ಲೇ ಬಂತು. ಕಪ್ಪೆ ನೋಡಿ ನಕ್ಕು ಸುಮ್ಮನಾದವರಿಗೆ ಆ ಮನುಷ್ಯ ಏನು ಅಂತ ಕೊನೆವರೆಗೂ ಗೊತ್ತಾಗಲ್ಲ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಒಂದು ತಿಂಗಳು ಪೂರ್ತಿ ಹುಳುಹುಪ್ಪಟೆಗಳದ್ದೇ ಬರೆದೆ, ಗಾಯಕಿ ಬಿಯಾನ್ಸೆ ಹೆಸರಿಟ್ಟ ಹೊಂಬಣ್ಣದ ನೊಣ, ಟೇಲರ್ ಸ್ವಿಫ್ಟ್ ಹೆಸರಿನ ಸಹಸ್ರಪದಿ ಹೀಗೆ, ಮೂರನೇ ವಾರಕ್ಕೇ ಜನಕ್ಕೆ ಬೇಜಾರಾಯ್ತು. ಅಂಕಣವನ್ನ ಓದಿ ರೆಕಾರ್ಡ್ ಮಾಡಿ ಆಡಿಯೋ ಬಿಟ್ಟೆ, ಮೈಕ್‌ಗೆ ಹಾಕಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಆದ್ರೆ ಜೋರಾಗಿ ಓದೋ ಅಭ್ಯಾಸ ಉಳೀತು, ನಾಲಿಗೆ ತೊಡರಿದ ಕಡೆ ವಾಕ್ಯ ಕೆಟ್ಟಿದೆ ಅಂತಲೇ ಅರ್ಥ. ಪೇಪರುಗಳ ಲೇಖಕರ ಪಟ್ಟಿ ಓದೋ ಚಟ ಹತ್ತಿಸ್ಕೊಂಡಿದ್ದು ಮಾತ್ರ ಲಾಭ. 1975ರ ಒಂದು ಭೌತಶಾಸ್ತ್ರದ ಪೇಪರಲ್ಲಿ ಎರಡನೇ ಲೇಖಕ ಬೆಕ್ಕು. ಜ್ಯಾಕ್ ಹೆದರಿಂಗ್‌ಟನ್ ಒಬ್ಬರೇ ಬರೆದಿದ್ದು, ಆದ್ರೆ ಪೂರ್ತಿ "ನಾವು" ಅಂತ ಟೈಪ್ ಮಾಡಿಬಿಟ್ಟಿದ್ರು, ಒಬ್ಬನೇ ಲೇಖಕ ಹಾಗೆ ಬರೆದ್ರೆ ಆಗ ಆ ಜರ್ನಲ್ ಒಪ್ತಿರಲಿಲ್ಲ, ಟೈಪ್‌ರೈಟರ್ ಕಾಲದಲ್ಲಿ ಮತ್ತೆ ಎಲ್ಲ ಹೊಡೆಯೋ ಬದಲು ತಮ್ಮ ಸಯಾಮೀಸ್ ಬೆಕ್ಕಿಗೆ ಎಫ್. ಡಿ. ಸಿ. ವಿಲರ್ಡ್ ಅಂತ ಹೆಸರು ಕೊಟ್ಟು ಸೇರಿಸಿದ್ರು. ಎರಡು ಸಲ ಬರೆದಿದೀನಿ ಇದನ್ನ, ಎರಡು ಸಲನೂ ಚೆನ್ನಾಗಿ ಹೋಯ್ತು.

ಭಾಷೆ ವಿಷ್ಯದಲ್ಲೂ ಪೆಟ್ಟು ತಿಂದೆ. ಶುರುವಲ್ಲಿ ಮಲ, ವಿಸರ್ಜನೆ ಅಂತ ಪುಸ್ತಕದ ಪದ ಹಾಕ್ತಿದ್ದೆ, ಬರಹ ಆಸ್ಪತ್ರೆ ರಿಪೋರ್ಟ್ ಥರ ಆಗ್ತಿತ್ತು. ಹಿಕ್ಕೆ, ಲದ್ದಿ, ಸಗಣಿ, ಗಂಜಲ, ನಮ್ಮಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ಪದ ಇದೆ, ಅದನ್ನ ಬಿಟ್ಟು ಬರೆಯೋದು ಪಾಪ. ವೊಂಬ್ಯಾಟ್ ಸಂಶೋಧನೆಯ ಡೇವಿಡ್ ಹೂ ಅವರ ತಂಡ 3 ಕಿಲೋಗಿಂತ ಭಾರದ ಸಸ್ತನಿಗಳು ಉಚ್ಚೆ ಹೊಯ್ಯೋಕೆ ಸುಮಾರು 21 ಸೆಕೆಂಡ್ ತಗೋತವೆ ಅಂತ ಲೆಕ್ಕ ಹಾಕಿ ತೋರಿಸಿತ್ತು, ಅದರ ಬಗ್ಗೆ ಬರೆದಾಗ ಉಚ್ಚೆ ಅಂತಲೇ ಬರೆದೆ, ಕತ್ತರಿ ಬೀಳಲಿಲ್ಲ.

ಈಗ ತಿಂಗಳಿಗೆ ನಾಲ್ಕು ಅಂಕಣ, ಎರಡು ಕಡೆ ಬರುತ್ತೆ, ಬರೋ ದುಡ್ಡು ಮೊದಲನೇ ವರ್ಷದ ಹತ್ತು ಪಟ್ಟು ಇರಬಹುದು, ಕರಡು ತಿದ್ದೋದನ್ನ ಹೋದ ವರ್ಷ ನಿಲ್ಲಿಸ್ದೆ. ಓದಿದ ಆರು ಪೇಪರಿಗೆ ಒಂದು ಅಂಕಣ ಆದ್ರೆ ಒಳ್ಳೇ ವಾರ. ಕೊನೇ ಸಾಲನ್ನ ಎಲ್ಲಿಂದ ತೆಗೀತೀನಿ ಅಂತಲೂ ಕೇಳ್ತಾರೆ, ಅದು ಪೇಪರಿನಲ್ಲೇ ಒಂದು ಜಾಗ, ಹೆಚ್ಚಿನವರು ಅಲ್ಲಿವರೆಗೆ ಸ್ಕ್ರೋಲ್ ಮಾಡಲ್ಲ, ಇಷ್ಟು ಮಾತ್ರ ಹೇಳಬಲ್ಲೆ.

ಈ ವಾರದ್ದು ಇನ್ನೂ ಬರೆದಿಲ್ಲ. ಆಸ್ಟ್ರೇಲಿಯಾದ ಜರ್ವಿಸ್ ಕೊಲ್ಲಿಯ ಆಕ್ಟೋಪಸ್‌ಗಳು ಹೂಳು, ಚಿಪ್ಪು ಎತ್ತಿ ಎಸೀತವೆ ಅನ್ನೋ 2022ರ ಪೇಪರ್ ಮತ್ತೆ ತೆಗೆದಿದೀನಿ, ವಿಡಿಯೋ ನೋಡಿ ನೋಡಿ ನೂರಕ್ಕೂ ಹೆಚ್ಚು ಎಸೆತ ಎಣಿಸಿದಾರೆ, ಕೆಲವು ಹೋಗಿ ಪಕ್ಕದ ಆಕ್ಟೋಪಸ್‌ಗೇ ಬಿದ್ದಿವೆ, ಮೈಬಣ್ಣ ಗಾಢ ಆಗಿದ್ದಾಗ ಎಸೆತ ಜೋರು. ಗುರಿ ಇಟ್ಟೇ ಹೊಡೆದವಾ ಅನ್ನೋ ಕಡೆ ಬರೆದವರೇ ತುಂಬಾ ಹುಷಾರಾಗಿ ಮಾತಾಡಿದಾರೆ. ಆ ಹುಷಾರನ್ನ ಕೆಡಿಸದೆ 400 ಪದದಲ್ಲಿ ಹೇಗೆ ಹೇಳೋದು ಅಂತ ಎರಡು ದಿನದಿಂದ ಕೂತಿದೀನಿ.