ಅಪ್ಪ-ಅಮ್ಮನ ಹತ್ತಿರ ದುಡ್ಡಿನ ಮಾತು ಎತ್ತುವುದು ಹೇಗೆ

"ಎಷ್ಟಿಟ್ಟಿದ್ದೀರಿ?" ಎಂದು ಶುರು ಮಾಡಿದರೆ ಮಾತು ಅಲ್ಲೇ ಕೆಡುತ್ತದೆ. ಮಂಡ್ಯದ ಕಡೆ ಬೇಸಾಯದ ಮನೆಗಳಲ್ಲಿ ಅದು ಪಾಲು ಕೇಳಿದ ಹಾಗೆಯೇ ಕೇಳಿಸುತ್ತದೆ. ಮೊತ್ತದ ವಿಷಯ ಬಿಡಿ. "ನಾಳೆ ನಿಮ್ಮನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾದರೆ ಯಾವ ಬ್ಯಾಂಕಿಗೆ ಓಡಲಿ, ಪಾಸ್‌ಬುಕ್ ಎಲ್ಲಿದೆ?" ಎಂದು ಕೇಳಿ. ಪಿಂಚಣಿ ಬರುವವರಾದರೆ ನವೆಂಬರ್ ಒಳ್ಳೆಯ ಸಮಯ. ಜೀವಿತ ಪ್ರಮಾಣಪತ್ರಕ್ಕೆ ಹೇಗೂ ಕಾಗದಪತ್ರ ಹೊರಗೆ ಬಂದಿರುತ್ತವೆ. ನೆಂಟರು ತುಂಬಿದ ಹಬ್ಬದ ದಿನ ಬೇಡ. ಅಕ್ಕ-ತಂಗಿಯರನ್ನು ಬಿಟ್ಟು ಮಾತಾಡಲೂ ಬೇಡಿ, ದೂರದಲ್ಲಿದ್ದರೆ ಫೋನಿನಲ್ಲಾದರೂ ಕೂರಿಸಿಕೊಳ್ಳಿ. ಗುಟ್ಟಾಗಿ ಆದ ಮಾತೇ ಮುಂದೆ ವ್ಯಾಜ್ಯವಾಗುತ್ತದೆ.

ಮೊದಲು ನೋಡಬೇಕಾದ್ದು ಖಾತೆ ಯಾರ ಸಹಿಯಿಂದ ನಡೆಯುತ್ತದೆ ಎಂಬುದು. ನಾಮಿನಿ ಇದ್ದರೆ ಸಾಕು ಎಂದುಕೊಂಡವರೇ ಹೆಚ್ಚು. ಅಪ್ಪ ಐಸಿಯುನಲ್ಲಿದ್ದಾಗ ನಾಮಿನಿ ಒಂದು ರೂಪಾಯಿಯನ್ನೂ ತೆಗೆಯಲಾಗದು, ಅವರ ಅಧಿಕಾರ ಶುರುವಾಗುವುದೇ ಖಾತೆದಾರರು ತೀರಿಕೊಂಡ ಮೇಲೆ. ಆಗಲೂ ಅವರು ಹಣ ಪಡೆದುಕೊಳ್ಳುವವರಷ್ಟೇ, ಅದು ಸೇರಬೇಕಾದ್ದು ವಾರಸುದಾರರಿಗೆ. ಜಂಟಿ ಖಾತೆಯೂ "ಫಾರ್ಮರ್ ಆರ್ ಸರ್ವೈವರ್" ಆಗಿದ್ದರೆ, ಮೊದಲ ಹೆಸರಿನವರು ಬದುಕಿರುವ ತನಕ ಎರಡನೆಯವರ ಸಹಿ ನಡೆಯದು. ಅಮ್ಮನ ಹೆಸರು ಸೇರಿಸಿ, ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುವ "ಐದರ್ ಆರ್ ಸರ್ವೈವರ್" ಮಾಡಿಸಿ. ಜಂಟಿ ಎಫ್‌ಡಿ ಇದ್ದರೆ ಇನ್ನೊಂದು ತೊಡಕು: ಅವಧಿಗೆ ಮುಂಚೆ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಹಾಗಾಗಿ ತುರ್ತಿನ ಹಣ ಸ್ವಲ್ಪ ಉಳಿತಾಯ ಖಾತೆಯಲ್ಲೇ ಇರಲಿ. ಹಳೆಯ ನಾಮಿನಿ ಹೆಸರುಗಳನ್ನೂ ನೋಡಿ, ತೀರಿಹೋದ ಅಜ್ಜನ ಹೆಸರೇ ಉಳಿದಿರಬಹುದು. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ವರ ತನಕ ನಾಮಿನಿ ಹಾಕಬಹುದು.

ಜಮೀನಿದ್ದರೆ ಪಹಣಿ ತೆಗೆಸಿ. 9ನೇ ಕಲಂನಲ್ಲಿ ಇನ್ನೂ ತಾತನ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹೊಂದಿಸಿ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದಕ್ಕೆ) ಅರ್ಜಿ ಹಾಕಿ. ಹಿರಿಯರು ಇರುವಾಗಲೇ ಮಾಡಿದರೆ ವಂಶವೃಕ್ಷದ ಹೆಸರುಗಳು ತಪ್ಪುವುದಿಲ್ಲ. ಜಮೀನಿನ ಮೇಲೆ ಸಾಲವಿದ್ದರೆ 11ನೇ ಕಲಂ ಹೇಳುತ್ತದೆ. ಕೈಸಾಲ, ಚೀಟಿ, ಅಡವಿಟ್ಟ ಚಿನ್ನ ಪಹಣಿಯಲ್ಲಿ ಕಾಣುವುದಿಲ್ಲ, ಅವನ್ನು ಅಪ್ಪನ ಬಾಯಿಂದಲೇ ಕೇಳಬೇಕು. ಪ್ರೊನೋಟಿನ (ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರದ) ಮೇಲೆ ಕೊಟ್ಟ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ, ಆದ್ದರಿಂದ ತಾರೀಖೂ ಬರೆದುಕೊಳ್ಳಿ.

ಇದೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಯಲಿ, ಅಕ್ಷರ ಅವರದೇ ಆದರೆ ಒಳ್ಳೆಯದು. ಪಿನ್ ಬರೆಸಬೇಡಿ, ಎಟಿಎಂ ಕಾರ್ಡ್ ಕೇಳಿ ಇಸಿದುಕೊಳ್ಳಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930 ಮೊದಲ ಪುಟದಲ್ಲೇ ದೊಡ್ಡದಾಗಿರಲಿ. ಹೇಳಲು ಒಪ್ಪದಿದ್ದರೆ ಒತ್ತಾಯ ಬೇಡ. ಬರೆದು ಲಕೋಟೆಯಲ್ಲಿ ಅಂಟಿಸಿ ಬೀರುವಿನಲ್ಲಿಟ್ಟು, ಜಾಗ ಮಾತ್ರ ತಿಳಿಸಲಿ.

ಮಾತಿನ ಭರದಲ್ಲಿ ಅವರು "ಮನೆ ನಿನ್ನ ಹೆಸರಿಗೇ ಬರೆದುಬಿಡುತ್ತೇನೆ" ಎಂದರೆ ತಡೆಯಿರಿ. ವಿಲ್ ಸಾಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ನೋಂದಣಿ ಕಡ್ಡಾಯವಲ್ಲ, ಬದುಕಿರುವ ತನಕ ಬದಲಿಸಲೂಬಹುದು. ದಾನಪತ್ರವೇ ಆಗಬೇಕೆಂದರೆ ಅವರನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ಅದನ್ನು ರದ್ದು ಮಾಡಿಸಲು ಅವರಿಗೆ ದಾರಿ ಇರುತ್ತದೆ.