ಲೈಟ್ನಿಂಗ್ ಟೆಸ್ಟ್‌ಗಳು ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವುದನ್ನು ತಡೆಯುವ ಬಗೆ

ಒಂದು ಟೆಸ್ಟ್ 200 ಬಾರಿ ಓಡಿದಾಗ ಒಮ್ಮೆ ಮಾತ್ರ ಕಾರಣ ತಿಳಿಯದೆ ಫೇಲಾಗುತ್ತದೆ ಎಂದುಕೊಳ್ಳಿ. ಅಂಥದ್ದು ಒಂದೇ ಇದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಅಂಥವೇ 200 ಟೆಸ್ಟ್‌ಗಳು ಸೇರಿದ ಸೂಟ್‌ನಲ್ಲಿ ಎಲ್ಲವೂ ಒಟ್ಟಿಗೆ ಪಾಸಾಗುವ ಸಂಭವ ಶೇ. 37ರಷ್ಟು ಮಾತ್ರ, ಕೋಡ್‌ನಲ್ಲಿ ಯಾವ ತಪ್ಪೂ ಇಲ್ಲದಿದ್ದರೂ ಮೂರರಲ್ಲಿ ಸುಮಾರು ಎರಡು ಬಿಲ್ಡ್‌ಗಳು ಕೆಂಪಾಗುತ್ತವೆ. ಆಮೇಲೆ ತಂಡದವರು ಕೆಂಪು ಬಣ್ಣವನ್ನು ನೋಡುವುದನ್ನೇ ಬಿಡುತ್ತಾರೆ.

ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ನೆಟ್‌ವರ್ಕ್‌ನಂತಹ ಪಾವತಿ ಚಾನೆಲ್ ಜಾಲದಲ್ಲಿ (ಇಬ್ಬರು ಹಣ ಇಟ್ಟು ತಮ್ಮೊಳಗೆ ಪಾವತಿಸಿಕೊಳ್ಳುವ ಚಾನೆಲ್‌ಗಳ ಜಾಲ) ಈ ತೊಂದರೆ ವಿಶೇಷವಾಗಿ ಕಾಡುತ್ತದೆ. ಆಲಿಸ್‌ಳಿಂದ ಬಾಬ್‌ನ ಮೂಲಕ ಕ್ಯಾರಲ್‌ಗೆ ಹೋಗುವ ಒಂದೇ ಒಂದು ಪಾವತಿಯಲ್ಲಿ ಮೂರು ಪ್ರತ್ಯೇಕ ಪ್ರೊಸೆಸ್‌ಗಳು, ಮೂರು ಡೇಟಾಬೇಸ್‌ಗಳು ಹಾಗೂ ಇವೆಲ್ಲದರ ಹಿಂದೆ ಒಂದು ಬಿಟ್‌ಕಾಯಿನ್ ನೋಡ್ ಇರುತ್ತವೆ. ಒಂದು ನೋಡ್ ಕೊಡುವ ಉತ್ತರ ಆ ನೋಡ್‌ಗೆ ಆ ಕ್ಷಣದಲ್ಲಿ ತಿಳಿದಿದ್ದನ್ನಷ್ಟೇ ಹೇಳುತ್ತದೆ, ಉಳಿದವರ ಸ್ಥಿತಿಯನ್ನಲ್ಲ. ನಾನು ಕಂಡ ಅಸ್ಥಿರ ಟೆಸ್ಟ್‌ಗಳಲ್ಲಿ ಬಹುಪಾಲು ಈ ವ್ಯತ್ಯಾಸವನ್ನು ಮರೆತು ಬರೆದವೇ ಆಗಿದ್ದವು. ಮುಂದಿನ ಉದಾಹರಣೆಗಳು ಹೆಚ್ಚಾಗಿ ಎಲ್‌ಎನ್‌ಡಿ ಎಂಬ ಲೈಟ್ನಿಂಗ್ ನೋಡ್ ತಂತ್ರಾಂಶಕ್ಕೂ, ಬಿಟ್‌ಕಾಯಿನ್ ನೋಡ್ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್‌ನ ರೆಗ್‌ಟೆಸ್ಟ್ ವಿಧಾನಕ್ಕೂ (ಟೆಸ್ಟ್‌ಗಾಗಿ ನಾವೇ ನಡೆಸುವ ಖಾಸಗಿ ಬ್ಲಾಕ್ ಸರಪಳಿ) ಸೇರಿದವು.

ಮೊದಲು ಬುನಾದಿಯನ್ನು ಸರಿಪಡಿಸಿಕೊಳ್ಳಿ, ಇದು ಬೇಗ ಮುಗಿಯುವ ಕೆಲಸ. ಗಣಿಗಾರಿಕೆಯ ಬಹುಮಾನವನ್ನು 100 ಬ್ಲಾಕ್‌ಗಳ ತನಕ ಖರ್ಚು ಮಾಡಲಾಗದ ಕಾರಣ ಆರಂಭದಲ್ಲಿ 101 ಬ್ಲಾಕ್‌ಗಳನ್ನು ಮೈನ್ ಮಾಡಬೇಕು. ರೆಗ್‌ಟೆಸ್ಟ್‌ನಲ್ಲಿ ಶುಲ್ಕದ ಅಂದಾಜಿಗೆ ಬೇಕಾದ ಮಾಹಿತಿ ಇರುವುದಿಲ್ಲವಾದ್ದರಿಂದ ಫಾಲ್‌ಬ್ಯಾಕ್ ಶುಲ್ಕವನ್ನು ಕಾನ್ಫಿಗರೇಷನ್‌ನಲ್ಲಿ ನೀವೇ ಕೊಡಿ. ಮೊದಲೇ ಸಿದ್ಧಪಡಿಸಿಟ್ಟ ಡೇಟಾ ಡೈರೆಕ್ಟರಿಯಿಂದ ಟೆಸ್ಟ್ ಶುರುವಾಗುತ್ತಿದ್ದರೆ ಒಂದು ಹೊಸ ಬ್ಲಾಕ್ ಮೈನ್ ಮಾಡಿದ ಮೇಲೆ ಮುಂದುವರಿಯಿರಿ, ಏಕೆಂದರೆ ಕೊನೆಯ ಬ್ಲಾಕ್ 24 ಗಂಟೆಗಿಂತ ಹಳೆಯದಾಗಿದ್ದರೆ ಬಿಟ್‌ಕಾಯಿನ್ ಕೋರ್ ತಾನಿನ್ನೂ ಸಿಂಕ್ ಆಗುತ್ತಿದ್ದೇನೆ ಎಂದೇ ಭಾವಿಸುತ್ತದೆ. ಪ್ರತಿ ನೋಡ್‌ಗೂ ಬೇರೆ ಬೇರೆ ಪೋರ್ಟ್ ಕೊಡಿ. ಎಲ್ಲರೂ ಲೈಟ್ನಿಂಗ್‌ನ ಮೂಲ ಪೋರ್ಟ್ ಆದ 9735ಕ್ಕೆ ಕೈಹಾಕಿದರೆ ಸಮಾನಾಂತರವಾಗಿ ಓಡುವ ಟೆಸ್ಟ್‌ಗಳು ಒಂದನ್ನೊಂದು ಕೆಡವುತ್ತವೆ.

ನಿಜವಾದ ಕೆಲಸ ಮೆಂಪೂಲ್‌ನಿಂದ, ಅಂದರೆ ಬ್ಲಾಕ್ ಸೇರಲು ಕಾದಿರುವ ವಹಿವಾಟುಗಳ ಪಟ್ಟಿಯಿಂದ, ಆರಂಭವಾಗುತ್ತದೆ. ಚಾನೆಲ್ ತೆರೆಯುವ ಆದೇಶ ಕೊಟ್ಟು ಮರುಸಾಲಿನಲ್ಲೇ ಬ್ಲಾಕ್ ಮೈನ್ ಮಾಡುವ ಟೆಸ್ಟ್‌ಗಳು ಸಾಮಾನ್ಯ. ಚಾನೆಲ್‌ಗೆ ಹಣ ತುಂಬುವ ಫಂಡಿಂಗ್ ವಹಿವಾಟು ಮೆಂಪೂಲ್ ತಲುಪುವ ಮೊದಲೇ ಬ್ಲಾಕ್ ಹುಟ್ಟಿದರೆ ಅದರಲ್ಲಿ ಗಣಿಗಾರನ ಬಹುಮಾನದ ವಹಿವಾಟೊಂದೇ ಇರುತ್ತದೆ. ಮುಖ್ಯ ಜಾಲದಲ್ಲಾದರೆ ಸರಾಸರಿ ಹತ್ತು ನಿಮಿಷಕ್ಕೆ ಇನ್ನೊಂದು ಬ್ಲಾಕ್ ತಾನಾಗಿ ಬರುತ್ತದೆ, ತಪ್ಪು ತಾನಾಗಿ ಮುಚ್ಚಿಹೋಗುತ್ತದೆ. ರೆಗ್‌ಟೆಸ್ಟ್‌ನಲ್ಲಿ ನೀವು ಕರೆಯದೆ ಬ್ಲಾಕ್ ಬರುವುದಿಲ್ಲ, ಆದ್ದರಿಂದ ಟೆಸ್ಟ್ ಕೊನೆಯವರೆಗೂ ಕಾದು ‘ಚಾನೆಲ್ ತೆರೆಯಲಿಲ್ಲ’ ಎಂಬ ದಾರಿತಪ್ಪಿಸುವ ದೂರಿನೊಂದಿಗೆ ಬೀಳುತ್ತದೆ. ಇದಕ್ಕೆ ಪರಿಹಾರವಾಗಿ ‘ಮೈನ್ ಮಾಡು’ ಎಂಬ ಬರಿಯ ಕರೆಯನ್ನು ಟೆಸ್ಟ್‌ಗಳಿಂದ ಪೂರ್ತಿ ತೆಗೆದುಹಾಕಿ, ಅದರ ಜಾಗದಲ್ಲಿ ಒಂದು ಸಹಾಯಕ ಫಂಕ್ಷನ್ ಇಡಿ. ಅದು ನಿರೀಕ್ಷಿತ ವಹಿವಾಟು ಮೆಂಪೂಲ್‌ನಲ್ಲಿ ಕಾಣುವವರೆಗೆ ಕಾಯಬೇಕು, ಬ್ಲಾಕ್ ಮೈನ್ ಮಾಡಬೇಕು, ವಹಿವಾಟು ಆ ಬ್ಲಾಕ್‌ನೊಳಗೆ ಸೇರಿದೆಯೇ ಎಂದು ನೋಡಬೇಕು, ಕೊನೆಗೆ ಎಲ್ಲ ನೋಡ್‌ಗಳೂ ಹೊಸ ಎತ್ತರಕ್ಕೆ (ಸರಪಳಿಯ ಬ್ಲಾಕ್‌ಗಳ ಎಣಿಕೆಗೆ) ಬಂದಿವೆಯೇ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಹಿಂತಿರುಗಬೇಕು.

ಆ ಕೊನೆಯ ಹೆಜ್ಜೆ ಅನಗತ್ಯವೆಂದು ತೋರಬಹುದು, ಆದರೆ ನನ್ನ ಎರಡು ದಿನಗಳನ್ನು ತಿಂದಿದ್ದು ಅದರ ಕೊರತೆಯೇ. ಆರು ಬ್ಲಾಕ್ ಮೈನ್ ಮಾಡಿದ ತಕ್ಷಣ ಆಲಿಸ್ ಪಾವತಿ ಕಳುಹಿಸುತ್ತಿದ್ದಳು. ಕೆಲವೊಮ್ಮೆ ಕ್ಯಾರಲ್ ‘ಪಾವತಿಯ ವಿವರ ತಪ್ಪು ಅಥವಾ ಅಪರಿಚಿತ’ ಎಂಬ ದೋಷ ಹಿಂತಿರುಗಿಸುತ್ತಿದ್ದಳು. ಇನ್‌ವಾಯ್ಸ್ (ಹಣ ಪಡೆಯುವವರು ಕೊಡುವ ಪಾವತಿ ಬಿಲ್) ಸೃಷ್ಟಿಸುವ ಕೋಡನ್ನೆಲ್ಲ ಜಾಲಾಡಿದ್ದಾಯಿತು. ನಿಜ ಸಂಗತಿ ಬೇರೆಯೇ ಇತ್ತು: ಆಲಿಸ್ ಆ ಬ್ಲಾಕ್‌ಗಳನ್ನು ಇನ್ನೂ ನೋಡಿರಲಿಲ್ಲ, ಹಳೆಯ ಎತ್ತರಕ್ಕೆ ಇನ್‌ವಾಯ್ಸ್‌ನ ಕನಿಷ್ಠ ಅವಧಿಯನ್ನು ಕೂಡಿಸಿ ಎಚ್‌ಟಿಎಲ್‌ಸಿಯ (ರಹಸ್ಯ ಸಂಖ್ಯೆ ತೋರಿಸಿದರೆ ಹಣ ಸಿಗುವ, ಗಡುವು ಮೀರಿದರೆ ಹಣ ಹಿಂತಿರುಗುವ ಷರತ್ತಿನ ಪಾವತಿ) ಗಡುವು ಲೆಕ್ಕಹಾಕಿದ್ದಳು, ಕ್ಯಾರಲ್‌ಳ ಹೊಸ ಎತ್ತರದಿಂದ ನೋಡಿದರೆ ಆ ಗಡುವು ಸಾಲುತ್ತಿರಲಿಲ್ಲ. ಎಲ್‌ಎನ್‌ಡಿ ಮೂರು ಬ್ಲಾಕ್‌ಗಳಷ್ಟು ಹೆಚ್ಚುವರಿ ಅಂತರ ಸೇರಿಸುವುದರಿಂದ ಒಂದೆರಡು ಬ್ಲಾಕ್ ಹಿಂದಿದ್ದರೆ ಪಾವತಿ ಪಾರಾಗುತ್ತದೆ, ಆರು ಹಿಂದಿದ್ದರೆ ಇಲ್ಲ. ಟೆಸ್ಟ್ ಒಮ್ಮೆ ಪಾಸಾಗಿ ಒಮ್ಮೆ ಬೀಳುತ್ತಿದ್ದುದು ಹೀಗೆ. ಈ ದೋಷ ಸಂದೇಶದೊಳಗೆ ಸ್ವೀಕರಿಸುವವರ ಬ್ಲಾಕ್ ಎತ್ತರವೂ ಇರುತ್ತದೆ, ಮೊದಲು ಅದನ್ನು ಓದಿ.

ಪಾವತಿ ‘ಯಶಸ್ವಿ’ ಎಂದ ಕೂಡಲೇ ಚಾನೆಲ್‌ನ ಬ್ಯಾಲೆನ್ಸ್ ಪರಿಶೀಲಿಸುವುದು ಇನ್ನೊಂದು ದೊಡ್ಡ ಬಲೆ. ಆಲಿಸ್‌ಗೆ ಪ್ರಿಇಮೇಜ್, ಅಂದರೆ ಆ ರಹಸ್ಯ ಸಂಖ್ಯೆ, ಸಿಕ್ಕಿತೆಂದರೆ ಹಣ ತಲುಪಿದ್ದಕ್ಕೆ ಪುರಾವೆ ಸಿಕ್ಕಂತೆ, ಆದ್ದರಿಂದ ಅವಳ ನೋಡ್ ಯಶಸ್ಸನ್ನು ಘೋಷಿಸುತ್ತದೆ. ಆದರೆ ಎಚ್‌ಟಿಎಲ್‌ಸಿ ಚಾನೆಲ್‌ನ ಸದ್ಯದ ಹಂಚಿಕೆಯನ್ನು ದಾಖಲಿಸುವ ಕಮಿಟ್‌ಮೆಂಟ್ ವಹಿವಾಟಿನಿಂದ ಅಳಿಯಬೇಕಾದರೆ ಆ ಚಾನೆಲ್‌ನ ಇಬ್ಬರೂ ಹೊಸ ಸಹಿಗಳನ್ನು ವಿನಿಮಯ ಮಾಡಿಕೊಂಡು ಹಳೆಯ ಸ್ಥಿತಿಯನ್ನು ರದ್ದುಪಡಿಸಬೇಕು. ಆ ನಡುವೆ ಬ್ಯಾಲೆನ್ಸ್ ಕೇಳಿದರೆ ಎಚ್‌ಟಿಎಲ್‌ಸಿ ಇನ್ನೂ ತೂಗಾಡುತ್ತಿರುತ್ತದೆ. ಸಂಬಂಧಿಸಿದ ಪ್ರತಿ ಚಾನೆಲ್‌ನ ಎರಡೂ ತುದಿಗಳಲ್ಲಿ ಬಾಕಿ ಉಳಿದ ಎಚ್‌ಟಿಎಲ್‌ಸಿಗಳ ಸಂಖ್ಯೆ ಸೊನ್ನೆಯಾಗುವವರೆಗೆ ಕಾದು ನಂತರ ಮೊತ್ತ ಹೋಲಿಸಿ.

ಎಚ್‌ಟಿಎಲ್‌ಸಿ ಬಾಕಿಯಿರುವಾಗ ಬೇಕಾಬಿಟ್ಟಿ ಬ್ಲಾಕ್ ಮೈನ್ ಮಾಡಬೇಡಿ. ಗಡುವು ಹತ್ತಿರವಾದರೆ ನೋಡ್ ತನ್ನ ಹಣ ಕಾಪಾಡಿಕೊಳ್ಳಲು ಚಾನೆಲನ್ನು ಬಲವಂತವಾಗಿ ಮುಚ್ಚುತ್ತದೆ, ಅದು ಅದರ ಧರ್ಮ.

ಗಾಸಿಪ್ (ನೋಡ್‌ಗಳು ಚಾನೆಲ್‌ಗಳ ಸುದ್ದಿಯನ್ನು ಪರಸ್ಪರ ಹರಡುವುದು) ವಿಷಯದಲ್ಲಿ ಚಾನೆಲ್ ಬಳಕೆಗೆ ಸಿದ್ಧವಾಗುವುದೇ ಬೇರೆ, ಜಾಲಕ್ಕೆ ಘೋಷಣೆಯಾಗುವುದೇ ಬೇರೆ ಎಂಬುದು ನೆನಪಿರಲಿ. ಘೋಷಣೆಗೆ ಆರು ದೃಢೀಕರಣಗಳು, ಅಂದರೆ ಆರು ಬ್ಲಾಕ್‌ಗಳು, ಬೇಕು. ಅದಾದ ಮೇಲೂ ಸಂದೇಶಗಳು ಕಂತುಗಳಲ್ಲಿ ಹೊರಡುತ್ತವೆ: ಲೈಟ್ನಿಂಗ್‌ನ ಬೋಲ್ಟ್ 7 ನಿರ್ದಿಷ್ಟತೆ 60 ಸೆಕೆಂಡಿನ ಅಂತರವನ್ನು ಸೂಚಿಸುತ್ತದೆ, ಎಲ್‌ಎನ್‌ಡಿಯ ಮೂಲ ಸೆಟ್ಟಿಂಗ್ 90 ಸೆಕೆಂಡು. ಟೆಸ್ಟ್‌ನಲ್ಲಿ ಇದನ್ನು 50 ಮಿಲಿಸೆಕೆಂಡಿಗೆ ಇಳಿಸಿ. ಕೋರ್ ಲೈಟ್ನಿಂಗ್ ಎಂಬ ಇನ್ನೊಂದು ನೋಡ್ ತಂತ್ರಾಂಶ ಬಳಸುವವರು ಬಿಟ್‌ಕಾಯಿನ್ ನೋಡನ್ನು ವಿಚಾರಿಸುವ ಅದರ 30 ಸೆಕೆಂಡಿನ ಅಂತರವನ್ನೂ ಒಂದು ಸೆಕೆಂಡಿಗೆ ತರಲಿ. ಆಮೇಲೆ ಆಲಿಸ್‌ಳ ಗ್ರಾಫ್‌ನಲ್ಲಿ (ಅವಳಿಗೆ ತಿಳಿದ ಜಾಲದ ನಕ್ಷೆಯಲ್ಲಿ) ಬಾಬ್–ಕ್ಯಾರಲ್ ಚಾನೆಲ್ ಎರಡೂ ದಿಕ್ಕಿನ ಶುಲ್ಕನೀತಿಯೊಂದಿಗೆ ಕಾಣುವವರೆಗೆ ಕಾಯಿರಿ. ನೀತಿ ಬರದೆ ಬರೀ ಚಾನೆಲ್ ಕಂಡರೆ ಆ ಮಾರ್ಗ ಸಿಕ್ಕುವುದಿಲ್ಲ.

ಇಷ್ಟೆಲ್ಲ ಕಾಯುವಿಕೆಗೆ ‘ಸ್ಲೀಪ್’ ಬಳಸಬಾರದು ಎಂದು ಬಿಡಿಸಿ ಹೇಳಬೇಕಿಲ್ಲ. ಒಂದು ತಂಡದಲ್ಲಿ ಐದು ಸೆಕೆಂಡಿನ ಸ್ಲೀಪ್ ಹತ್ತಾಗಿ, ಹದಿನೈದಾಗಿ, ಕೊನೆಗೆ ಇಡೀ ಸೂಟ್ ಮಧ್ಯಾಹ್ನದ ಊಟದಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದುದನ್ನು ನೋಡಿದ್ದೇನೆ, ಆಗಲೂ ಅದು ಬೀಳುತ್ತಿತ್ತು. ಷರತ್ತನ್ನು 200 ಮಿಲಿಸೆಕೆಂಡಿಗೊಮ್ಮೆ ಪರೀಕ್ಷಿಸಿ, ಗರಿಷ್ಠ ಕಾಯುವ ಸಮಯವನ್ನು ಧಾರಾಳವಾಗಿ, ಒಂದು ನಿಮಿಷದಷ್ಟು ಇಡಿ. ಪಾಸಾಗುವ ಟೆಸ್ಟ್‌ಗೆ ಅದರಿಂದ ನಷ್ಟವಿಲ್ಲ. ಸಮಯ ಮೀರಿದಾಗ ‘ಟೈಮ್‌ಔಟ್’ ಎಂದಷ್ಟೇ ಮುದ್ರಿಸದೆ ಕೊನೆಯ ಬಾರಿ ಕಂಡ ಸ್ಥಿತಿಯನ್ನು, ಅಂದರೆ ಪ್ರತಿ ನೋಡ್‌ನ ಎತ್ತರ, ಮೆಂಪೂಲ್‌ನಲ್ಲಿದ್ದ ವಹಿವಾಟುಗಳು, ಬಾಕಿಯಿದ್ದ ಎಚ್‌ಟಿಎಲ್‌ಸಿಗಳನ್ನು ಮುದ್ರಿಸಿ.

ನೋಡ್‌ಗಳನ್ನು ಟೆಸ್ಟ್‌ಗಳ ನಡುವೆ ಹಂಚಿಕೊಳ್ಳುವುದು ವೇಗಕ್ಕೆ ಒಳ್ಳೆಯದಾದರೂ ಎಲ್‌ಎನ್‌ಡಿಯ ಮಿಷನ್ ಕಂಟ್ರೋಲ್ ಎಂಬ ಭಾಗ ವಿಫಲವಾದ ಮಾರ್ಗಗಳನ್ನು ನೆನಪಿಟ್ಟುಕೊಳ್ಳುತ್ತದೆ. ಹಿಂದಿನ ಟೆಸ್ಟ್ ಉದ್ದೇಶಪೂರ್ವಕವಾಗಿ ಕೆಡಿಸಿದ ಮಾರ್ಗವನ್ನು ಮುಂದಿನದು ತಪ್ಪಿಸಿ ಹೋಗುತ್ತದೆ. ಹಂಚಿಕೊಳ್ಳಲೇಬೇಕಾದರೆ ಪ್ರತಿ ಟೆಸ್ಟ್‌ಗೂ ಮೊದಲು ಆ ನೆನಪನ್ನು ಅಳಿಸಿ.

ಫೇಲಾದ ಟೆಸ್ಟನ್ನು ತಾನಾಗಿ ಮತ್ತೆ ಓಡಿಸುವ ಸೌಲಭ್ಯವನ್ನು ನಾನು ಒಪ್ಪುವುದಿಲ್ಲ. ಮರುಸಂಪರ್ಕದ ಹೊತ್ತಿನಲ್ಲಿ ಸಹಿ ಕಳೆದುಹೋಗುವಂತಹ ನಿಜವಾದ ದೋಷವೂ ಹೊರಗಿನಿಂದ ಹೀಗೆಯೇ ಕಾಣುತ್ತದೆ, ಅಲ್ಲಿ ಕಳೆಯುವುದು ಜನರ ಹಣ. ತಿದ್ದಿದ ಟೆಸ್ಟನ್ನು ಸಿಪಿಯು ಮೇಲೆ ಬೇಕೆಂದೇ ಭಾರ ಹೇರಿ ರಾತ್ರಿಯಿಡೀ 300 ಬಾರಿ ಓಡಿಸಿ. ಒಮ್ಮೆಯೂ ಬೀಳದಿದ್ದರೆ ಅದರ ವೈಫಲ್ಯದ ದರ ಸುಮಾರು ಶೇ. 1ಕ್ಕಿಂತ ಕಡಿಮೆ ಎಂದು ಶೇ. 95ರಷ್ಟು ವಿಶ್ವಾಸದಿಂದ ಹೇಳಬಹುದು. ಆರಂಭದ ಲೆಕ್ಕದಲ್ಲಿದ್ದ ಟೆಸ್ಟ್ ಬೀಳುತ್ತಿದ್ದುದು 200ಕ್ಕೆ ಒಮ್ಮೆ, ಅಂದರೆ ಶೇ. 0.5, ಅದು ನಿಂತಿತೆಂದು ಅಷ್ಟೇ ವಿಶ್ವಾಸದಿಂದ ಹೇಳಬೇಕಾದರೆ ಓಟಗಳು 600 ಆಗಬೇಕು.