ನೀಲಗಿರಿಯ ಪೀಟ್‌ನಲ್ಲಿ ಪರಾಗ ಎಣಿಸುವ ಬಗೆ

ನೀಲಗಿರಿಯ ಎತ್ತರದಲ್ಲಿ, ಹುಲ್ಲುಗಾವಲು ಮತ್ತು ಶೋಲಾ ಕಾಡಿನ ನಡುವಿನ ಜೌಗು ತಗ್ಗುಗಳಲ್ಲಿ ಪೀಟ್, ಅಂದರೆ ಅರೆಕೊಳೆತ ಸಸ್ಯಗಳ ಪದರ, ಕಟ್ಟಿಕೊಂಡಿದೆ. ಊಟಿ ಬಳಿಯ ಸ್ಯಾಂಡಿನಲ್ಲಾದ ಪೀಟ್ ಸುಮಾರು 40,000 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಗಾಳಿಯಾಡದ ಆ ಕೆಸರಿನಲ್ಲಿ ಪರಾಗದ ಹೊರಕವಚ ಕೊಳೆಯದೆ ಉಳಿಯುತ್ತದೆ. ಪದರ ಪದರವಾಗಿ ಅದನ್ನು ಎಣಿಸಿದರೆ ಹಿಂದೆ ಅಲ್ಲಿ ಕಾಡಿತ್ತೋ ಹುಲ್ಲಿತ್ತೋ ಎಂದು ಊಹಿಸಬಹುದು.

ಅರಣ್ಯ ಇಲಾಖೆಯ ಅನುಮತಿ ಪಡೆದ ಮೇಲೆ, ತೊರೆಯಿಂದ ದೂರವಿರುವ ಜಾಗ ಆರಿಸಿ. ತೊರೆ ಹಳೆಯ ಮಣ್ಣನ್ನು ಕೊರೆದು ತಂದು ಹೊಸ ಪದರದ ಮೇಲೆ ಸುರಿದಿರುತ್ತದೆ. ಪೀಟ್‌ನ ತುಂಡು ಕೊರೆದು ತೆಗೆಯುವ ಉಪಕರಣವಾದ, 50 ಸೆಂ.ಮೀ. ಕೋಶದ ರಷ್ಯನ್ ಕೋರರ್‌ನ ಮೂತಿ ಕೆಳಗಿನ ಪದರವನ್ನು ಕಲಕುವುದರಿಂದ ಅಕ್ಕಪಕ್ಕದ ಎರಡು ರಂಧ್ರಗಳಲ್ಲಿ ಸರದಿಯಂತೆ ಇಳಿಸಿ. ಒಂದು ತುಂಡಿನ ಕೊನೆಯ 10 ಸೆಂ.ಮೀ. ಆಳ ಮುಂದಿನ ತುಂಡಿನಲ್ಲೂ ಬರಲಿ. ಮೇಲ್ತುದಿ ಗುರುತಿಸಿ, ಪ್ಲಾಸ್ಟಿಕ್ ಸುತ್ತಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ.

ಪ್ರತಿ ಸ್ಯಾಂಪಲ್‌ಗೆ 1 ಘನ ಸೆಂ.ಮೀ. ಸಾಕು. ಎಣಿಕೆಯ ಅಳತೆಗೋಲಾಗಿ ಲೈಕೋಪೋಡಿಯಂ ಎಂಬ ಹೂಬಿಡದ ಗಿಡದ, ಸಂಖ್ಯೆ ಗೊತ್ತಿರುವ ಬೀಜಕಗಳ ಮಾತ್ರೆಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಸೇರಿಸಿ. 20,000 ಬೀಜಕ ಹಾಕಿ, 100 ಬೀಜಕ ಎಣಿಸುವಷ್ಟರಲ್ಲಿ 300 ಪರಾಗ ಸಿಕ್ಕರೆ ಸಾಂದ್ರತೆ ಘನ ಸೆಂ.ಮೀ.ಗೆ 60,000 ಪರಾಗ. ಈ ಗಿಡದ ಬಳಗ ನೀಲಗಿರಿಯಲ್ಲೂ ಬೆಳೆಯುತ್ತದೆ. ಆದ್ದರಿಂದ ಮಾತ್ರೆ ಹಾಕದ ಕೆಲವು ಸ್ಯಾಂಪಲ್‌ಗಳನ್ನು ಮೊದಲೇ ನೋಡಿಬಿಡಿ.

ನಂತರ ಶೇ 10ರ ಬಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ 10 ನಿಮಿಷ ಇಟ್ಟು ಸೋಸಿ, ಸಸ್ಯದ ನಾರನ್ನು ಕರಗಿಸಿ ಪರಾಗದ ಕವಚ ಉಳಿಸುವ ಅಸಿಟಾಲಿಸಿಸ್ ಮಾಡಿ: ಅಸಿಟಿಕ್ ಅನ್‌ಹೈಡ್ರೈಡ್ 9 ಪಾಲು, ಗಾಢ ಸಲ್ಫ್ಯೂರಿಕ್ ಆಮ್ಲ 1 ಪಾಲು, ಬಿಸಿನೀರಿನ ತೊಟ್ಟಿಯಲ್ಲಿ ಸುಮಾರು 3 ನಿಮಿಷ. ಇದಕ್ಕೆ ನೀರು ತಗುಲಿದರೆ ಸಿಡಿಯುತ್ತದೆ. ಹಾಗಾಗಿ ಮುಂಚೆ ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ತೊಳೆದು ತೇವ ತೆಗೆಯಲೇಬೇಕು. ಕೆಲಸವೆಲ್ಲ ಫ್ಯೂಮ್ ಹುಡ್‌ನೊಳಗೇ.

400 ಪಟ್ಟು ಹಿಗ್ಗಿಸಿ, ನೆಲದ ಗಿಡಗಳ ಕನಿಷ್ಠ 300 ಪರಾಗ ಎಣಿಸಿ. ಜೌಗಿನಲ್ಲೇ ಬೆಳೆಯುವ ಜೇಕಿನ ಜಾತಿಗಳನ್ನು ಈ ಮೊತ್ತದಿಂದ ಹೊರಗಿಡಿ. ಇಲ್ಲದಿದ್ದರೆ ಅವು ಬೆಟ್ಟದ ಚಿತ್ರವನ್ನೇ ಮುಚ್ಚಿಬಿಡುತ್ತವೆ.

ಹೆಚ್ಚಿನವರು ಎಡವುವುದು ಅರ್ಥೈಸುವಾಗ. ಶೋಲಾದಲ್ಲಿ ದಾಲ್ಚಿನ್ನಿ ಕುಟುಂಬದ ಮರಗಳು ಹೇರಳ, ಆದರೆ ಅವುಗಳ ಪರಾಗದ ಕವಚ ತೀರಾ ತೆಳು. ಪೀಟ್‌ನಲ್ಲಿ ಉಳಿಯುವುದೇ ಅಪರೂಪ, ಉಳಿದದ್ದೂ ಅಸಿಟಾಲಿಸಿಸ್‌ನಲ್ಲಿ ಹೋಗುತ್ತದೆ. ಕೀಟಗಳನ್ನು ನೆಚ್ಚಿದ ಇತರ ಮರಗಳೂ ಪರಾಗ ಉದುರಿಸುವುದು ಕಡಿಮೆ. ಹುಲ್ಲಾದರೋ ಗಾಳಿಗೆ ಧಾರಾಳವಾಗಿ ತೂರುತ್ತದೆ. ಆದ್ದರಿಂದ ಮರದ ಪರಾಗ ಶೇ 10 ಕಂಡಮಾತ್ರಕ್ಕೆ ಕಾಡು ಶೇ 10 ಇತ್ತೆನ್ನಬೇಡಿ. ಇಂದಿನ ಶೋಲಾದೊಳಗೆ, ಅಂಚಿನಲ್ಲಿ, ಬಯಲಿನಲ್ಲಿ ಪಾಚಿ ಆಯ್ದು, ಅದರ ಪರಾಗವನ್ನೂ ಎಣಿಸಿ ಹೋಲಿಸಿ. ಹುಲ್ಲುಗಳ ಪರಾಗವೆಲ್ಲ ಹೆಚ್ಚುಕಡಿಮೆ ಒಂದೇ ಥರ. ಸಿ3, ಸಿ4 ಎಂಬುವು ಗಿಡಗಳು ಗಾಳಿಯಿಂದ ಇಂಗಾಲ ಹಿಡಿಯುವ ಎರಡು ಬಗೆ; ಒಣ ಕಾಲದ ಸಿ4 ಹುಲ್ಲೋ ತೇವದ ಕಾಲದ ಸಿ3 ಗಿಡಗಳೋ ಎಂದು ತಿಳಿಯಲು ಅದೇ ಪದರದ ಕಾರ್ಬನ್ ಐಸೊಟೋಪ್ ಅಳೆಯಬೇಕು.

ಕಾಲನಿರ್ಣಯಕ್ಕೆ ಕಳಿಸುವ ಪೀಟ್‌ನಿಂದ ಎಳೆ ಬೇರುಗಳನ್ನು ಹೆಕ್ಕಿ ತೆಗೆಯಿರಿ, ಮೇಲಿನಿಂದ ಇಳಿದ ಬೇರು ಪದರದ ವಯಸ್ಸನ್ನು ಇಳಿಸುತ್ತದೆ. ಇನ್ನೊಂದು ಪರೀಕ್ಷೆ ಪುಕ್ಕಟೆ ಸಿಗುತ್ತದೆ: ನೀಲಗಿರಿ ಮರ ಇಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ಅದರ ಪರಾಗ ಸಾವಿರಾರು ವರ್ಷ ಹಳೆಯ ಪದರದಲ್ಲಿ ಕಂಡರೆ, ಅದೇ ಕುಟುಂಬದ ನೇರಳೆಯಲ್ಲವೆಂದು ರೆಫರೆನ್ಸ್ ಸ್ಲೈಡ್‌ನೊಂದಿಗೆ ಹೋಲಿಸಿ ನೋಡಿ. ಅಲ್ಲವೆಂದಾದರೆ ಆ ತುಂಡು ಕಲಬೆರಕೆಯಾಗಿದೆ, ಬಿಡಿ.